ಒಂದೇ ಸ್ವರದ ಶಕ್ತಿ: ಖಿದಿರ್‌ಪುರದ ನೆರೆಯಿಂದ ಕುಂದಗೋಳದವರೆಗೆ

ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಾಗಗಳ ಚರಿತ್ರೆಯನ್ನು ಬರೆಯುತ್ತಾರೆ. ಇಲ್ಲವೆ ಗಾಯಕರ ವಂಶಾವಳಿಯನ್ನೂ ಅವರನ್ನು ಪೋಷಿಸಿದ ಅರಸರ ಔದಾರ್ಯವನ್ನೂ ಬರೆಯುತ್ತಾರೆ. ಸ್ವರಕ್ಕೂ ಒಂದು ಚರಿತ್ರೆಯುಂಟೆಂದು ಎಣಿಸಿದವರು ವಿರಳ. ಷಡ್ಜವು ಅಂದೂ ಷಡ್ಜವೇ, ಇಂದೂ ಷಡ್ಜವೇ. ಅದಕ್ಕೆ ದೇಶಕಾಲಗಳ ಹಂಗೇನು ಎಂದು ಕೇಳಬಹುದು. ಆದರೆ ಒಂದು ಸ್ವರವನ್ನು ಎಷ್ಟು ಹೊತ್ತು ನಿಲ್ಲಿಸಬಹುದು, ಅದರಿಂದ ನೆರೆಯ ಸ್ವರಕ್ಕೆ ಹಾರಿ ಹೋಗಬೇಕೋ ಜಾರಿ ಹೋಗಬಹುದೋ, ನಿಂತ ಸ್ವರವು ಕೇಳುವವನ ಮನಸ್ಸಿನಲ್ಲಿ ಏನನ್ನು ಎಬ್ಬಿಸೀತು ಎಂಬ ಪ್ರಶ್ನೆಗಳಿಗೆ ಉತ್ತರವು ಕಂಠದಲ್ಲಿರುವಷ್ಟೇ ತಂತಿಯಲ್ಲಿ, ಚರ್ಮದಲ್ಲಿ, ಲೋಹದಲ್ಲಿ, ಕೇಳುವ ಸಭೆಯಲ್ಲಿ ಇದೆ. ಇವೆಲ್ಲವೂ ಕಾಲಕ್ಕೆ ತಕ್ಕಂತೆ ಮಾರ್ಪಡುವಂಥವು. ಆದುದರಿಂದ ಸ್ವರಕ್ಕೂ ಚರಿತ್ರೆಯುಂಟು.

ಈ ಚರಿತ್ರೆಯ ಒಂದು ಮುಖ್ಯವಾದ ಅಧ್ಯಾಯವು ಕಲಕತ್ತೆಯ ದಕ್ಷಿಣ ಪಶ್ಚಿಮದ ಅಂಚಿನಲ್ಲಿ, ಖಿದಿರ್‌ಪುರ ಮತ್ತು ಅದಕ್ಕೆ ಹೊಂದಿಕೊಂಡ ಮಟಿಯಾಬುರುಜಿನ ನದೀತೀರದಲ್ಲಿ ನಡೆಯಿತು. ಇನ್ನೊಂದು ಅಧ್ಯಾಯವು ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳ ಸೀಮೆಯಲ್ಲಿ ನಡೆಯಿತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಮೊದಲನೆಯದು ಎರಡನೆಯದಕ್ಕೆ ತಾಯಿ ಎಂದು ನಾವು ಸಾಧಿಸಹೊರಟಿಲ್ಲ. ಒಂದೇ ಪ್ರಶ್ನೆಗೆ ಎರಡು ಕಡೆಯಲ್ಲಿ, ನೆಲೆಯನ್ನು ಬಿಟ್ಟು ಬಂದ ಜನರು ಕೊಟ್ಟ ಉತ್ತರಗಳು ಹೇಗೆ ಒಂದನ್ನೊಂದು ಬೆಳಗುತ್ತವೆಂಬುದನ್ನು ತೋರಿಸಿದರೆ ಸಾಕು.

1. ಶಾಸ್ತ್ರಕಾರರ ಮಾತು

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಸ್ವರಕ್ಕೆ ಕೊಟ್ಟ ಲಕ್ಷಣವು ಪ್ರಸಿದ್ಧವಾಗಿದೆ. ಶ್ರುತಿಯ ಬೆನ್ನಿಗೇ ಹುಟ್ಟಿ, ಸ್ನಿಗ್ಧವಾಗಿ ಅನುರಣನಗೊಂಡು, ಅನ್ಯದ ಸಹಾಯವಿಲ್ಲದೆ ತಾನಾಗಿಯೇ ಕೇಳುವವನ ಚಿತ್ತವನ್ನು ರಂಜಿಸತಕ್ಕದ್ದು ಸ್ವರ ಎಂಬುದು ಅದರ ತಾತ್ಪರ್ಯ. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಸ್ವರದ ಪ್ರಾಣವನ್ನು ಆಚಾರ್ಯನು ಅದರ ಅನುರಣನದಲ್ಲಿ, ಎಂದರೆ ಮೀಟಿದ ಬಳಿಕ ಉಳಿಯುವ ನಾದದಲ್ಲಿ ಕಂಡನು. ಮತ್ತು ರಂಜನೆಯು ರಾಗವಾದ ಮೇಲೆ ಬರುವ ಗುಣವೆಂದು ಹೇಳದೆ, ಒಂಟಿ ಸ್ವರಕ್ಕೇ ಅದನ್ನು ಕೊಟ್ಟನು. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ಈ ಗ್ರಂಥಕ್ಕೆ ಕಲಾನಿಧಿಯೆಂಬ ವ್ಯಾಖ್ಯಾನವನ್ನು ರಚಿಸಿದನು. 1550ರಲ್ಲಿ ಅಳಿಯ ರಾಮರಾಯನ ಪ್ರೇರಣೆಯಿಂದ ಸ್ವರಮೇಳಕಲಾನಿಧಿಯನ್ನು ಬರೆದ ರಾಮಾಮಾತ್ಯನು ವೀಣೆಯ ತಂತಿಗಳಲ್ಲಿ ತಾವಾಗಿಯೇ ತೋರುವ ಸ್ವಯಂಭೂ ಸ್ವರಗಳನ್ನು ಹೆಸರಿಸಿದನು. ಒಂದು ತಂತಿಯ ನಾದದೊಳಗೆ ಅಡಗಿರುವ ಉಪಸ್ವರಗಳೇ ಇವು ಎಂದು ಆಧುನಿಕರಲ್ಲಿ ಹಲವರು ಅರ್ಥ ಮಾಡುತ್ತಾರೆ. ಆ ಅರ್ಥವನ್ನು ಒಪ್ಪಿದರೆ ಒಂದು ಸ್ವರವೆಂಬುದು ಒಂಟಿಯಾದ ವಸ್ತುವಲ್ಲ. ಒಂದು ಕುಟುಂಬವೆಂದೇ ಹೇಳಬೇಕಾಗುತ್ತದೆ.

ಕನ್ನಡ ನಾಡಿನ ಸಂಗೀತಶಾಸ್ತ್ರವು ಊರು ಬಿಟ್ಟು ಹೋದುದೂ ಹೊಸ ಸಂಗತಿಯಲ್ಲ. ಶಿವಗಂಗೆಯ ಬಳಿಯ ಸಾತನೂರಿನವನಾದ ಪುಂಡರೀಕ ವಿಠ್ಠಲನು ಖಾನದೇಶದ ಬುರ್ಹಾನ್‌ಖಾನನ ಆಶ್ರಯವನ್ನು ಸೇರಿ, ದಕ್ಷಿಣದ ಮೇಳಪದ್ಧತಿಯ ಕಣ್ಣಿನಿಂದ ಉತ್ತರದ ರಾಗಗಳನ್ನು ಅಳೆದು ಸದ್ರಾಗಚಂದ್ರೋದಯವನ್ನು ಬರೆದನು. ವಂಗದೇಶವನ್ನಾಳಿದ ಸೇನರು ತಮ್ಮ ಮೂಲವನ್ನು ಕರ್ಣಾಟಕ್ಕೆ ಒಯ್ಯುತ್ತಾರೆಂಬುದು ವಿಜಯಸೇನನ ದೇವಪಾರಾ ಶಾಸನದಿಂದ ತಿಳಿದ ವಿಷಯ. ಅದೇ ವಂಶದ ಲಕ್ಷ್ಮಣಸೇನನ ಕಾಲದವನೆನಿಸಿದ ಜಯದೇವನ ಗೀತಗೋವಿಂದದ ಅಷ್ಟಪದಿಗಳಿಗೆ ಹೇಳಿರುವ ರಾಗಗಳಲ್ಲಿ ಕರ್ಣಾಟವೂ ಒಂದು. ಉತ್ತರಾದಿಯವರು ಇಂದಿಗೂ ಹಾಡುವ ಕಾನಡಾ ಪ್ರಕಾರಗಳ ಹೆಸರು ಕರ್ಣಾಟ ಶಬ್ದದಿಂದ ಬಂದುದೆಂದು ವಿದ್ವಾಂಸರು ಎಣಿಸುತ್ತಾರೆ. ಇವುಗಳಲ್ಲಿ ದರ್ಬಾರಿ ಕಾನಡಾ ರಾಗವು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದ ನಿದರ್ಶನ. ಆ ರಾಗದ ಜೀವವೆಲ್ಲ ಅದರ ಕೋಮಲ ಗಾಂಧಾರದಲ್ಲಿದೆ. ಭೀಮಪಲಾಸಿಯಲ್ಲೂ ಕೋಮಲ ಗಾಂಧಾರವುಂಟು, ಬಾಗೇಶ್ರಿಯಲ್ಲೂ ಉಂಟು. ಆದರೆ ದರ್ಬಾರಿಯ ಗಾಂಧಾರವು ತನ್ನ ಸ್ಥಾನದಿಂದ ತುಸು ಕೆಳಗಿಳಿದು, ಮಧ್ಯಮದ ಕಡೆಗೆ ನಿಧಾನವಾಗಿ ತೂಗಿ, ಮತ್ತೆ ಇಳಿಯುತ್ತದೆ. ಬಲ್ಲವರು ಆ ಒಂದು ಸ್ವರದ ತೂಗಾಟವನ್ನು ಕೇಳಿದೊಡನೆ ರಾಗವನ್ನು ಗುರುತಿಸುತ್ತಾರೆ. ಕರ್ಣಾಟದ ಹೆಸರನ್ನು ಹೊತ್ತು ಉತ್ತರದಲ್ಲಿ ಸಂಚರಿಸುವ ರಾಗವು ತನ್ನ ಗುರುತನ್ನು ಒಂದೇ ಸ್ವರದಲ್ಲಿ ಇರಿಸಿಕೊಂಡಿದೆಯೆಂಬುದು ಹೊರನಾಡ ಕನ್ನಡಿಗರಿಗೆ ಸೋಜಿಗದ ವಿಷಯವಾದೀತು.

2. ಖಿದಿರ್‌ಪುರದ ನೆರೆಯಲ್ಲಿ ಒಂದು ಲಖನೌ

ಖಿದಿರ್‌ಪುರವನ್ನು ಇಂದು ಹಡಗುಕಟ್ಟೆಯ ಹೆಸರಿನಿಂದ ಬಲ್ಲೆವು. 1892ರಲ್ಲಿ ಅಲ್ಲಿಯ ಡಾಕು ತೆರೆಯುವುದಕ್ಕೆ ಮುಂಚೆಯೇ ಆ ಪ್ರದೇಶವು ಹಡಗು ಕಟ್ಟುವವರ, ನಾವಿಕರ, ವರ್ತಕರ ನೆಲೆಯಾಗಿತ್ತು. ವಂಗಕವಿ ಮೈಕೇಲ್ ಮಧುಸೂದನ ದತ್ತನ ತಂದೆಯ ಮನೆಯೂ ಅಲ್ಲಿಯೇ ಇತ್ತು. ಅದರ ಪಶ್ಚಿಮಕ್ಕೆ ಹೂಗ್ಲಿಯ ದಂಡೆಯನ್ನು ಹಿಡಿದು ಸಾಗಿದರೆ ಗಾರ್ಡನ್ ರೀಚ್ ಮತ್ತು ಮಟಿಯಾಬುರುಜು ಸಿಗುತ್ತವೆ. 1856ರ ಫೆಬ್ರವರಿಯಲ್ಲಿ ಕಂಪನಿ ಸರಕಾರವು ಅವಧದ ರಾಜ್ಯವನ್ನು ಕಸಿದುಕೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಪದಚ್ಯುತನಾದ ವಾಜಿದ್ ಅಲಿ ಷಾ ಕಲಕತ್ತೆಗೆ ಬಂದಿಳಿದನು. ಲಂಡನ್ನಿಗೆ ಹೋಗಿ ನ್ಯಾಯ ಕೇಳಬೇಕೆಂಬುದು ಅವನ ಮೊದಲಿನ ಆಲೋಚನೆ. ಆದರೆ ಅವನು ಹೋಗಲಾಗಲಿಲ್ಲ. ತಾಯಿ ಮತ್ತಿತರರು ಹೋಗಿ ಬರಿಗೈಯಾದರು. 1857ರ ದಂಗೆಯ ಕಾಲದಲ್ಲಿ ಸರಕಾರವು ಅವನನ್ನು ಫೋರ್ಟ್ ವಿಲಿಯಂ ಕೋಟೆಯಲ್ಲಿ ಬಂಧಿಸಿಟ್ಟಿತು. 1859ರಲ್ಲಿ ಬಿಡುಗಡೆಯಾದ ಮೇಲೆ, ವರ್ಷಕ್ಕೆ 12 ಲಕ್ಷ ರೂಪಾಯಿಗಳ ವಿಶ್ರಾಂತಿವೇತನವನ್ನು ಪಡೆದು, 1887ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೂ ಮಟಿಯಾಬುರುಜಿನಲ್ಲಿಯೇ ನೆಲೆಸಿದನು.

ಆ ಇಪ್ಪತ್ತೆಂಟು ವರ್ಷಗಳಲ್ಲಿ ಅಲ್ಲಿ ಒಂದು ಕಿರಿಯ ಲಖನೌ ಬೆಳೆಯಿತು. ಅರಮನೆಗಳು, ಇಮಾಮಬಾಡಾ, ಮೃಗಶಾಲೆ, ಮುದ್ರಣಾಲಯಗಳೊಂದಿಗೆ ಗಾಯಕರು, ವಾದಕರು, ನರ್ತಕಿಯರು, ಅಡಿಗೆಯವರು, ಸಿಂಪಿಗರು ಹೀಗೆ ಸಾವಿರಾರು ಮಂದಿ ಸೇರಿದರು. ಕಲಕತ್ತೆಯ ಸಿರಿವಂತರೂ ರಸಿಕರೂ ಅಲ್ಲಿಗೆ ಕೇಳುವುದಕ್ಕೆ ಹೋದರು; ಅಲ್ಲಿಯ ಕಲಾವಿದರು ನಗರದ ಮನೆಗಳಿಗೆ ಕಲಿಸುವುದಕ್ಕೆ ಬಂದರು. ಸೌರೀಂದ್ರಮೋಹನ ಠಾಕೂರರು 1871ರಲ್ಲಿ ವಂಗ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದಾಗ, ನಗರದ ಅಂಚಿನಲ್ಲಿಯೇ ಇಂಥ ಒಂದು ಜೀವಂತವಾದ ಪಾಠಶಾಲೆ ಇತ್ತೆಂಬುದನ್ನು ಮರೆಯಬಾರದು. ದೊರೆಯು ತಾನೂ ಠುಮ್ರಿಗಳನ್ನು ಕಟ್ಟಿದವನು. 1877ರಲ್ಲಿ ಬನೀ ಎಂಬ ಗ್ರಂಥವನ್ನು ಮಟಿಯಾಬುರುಜಿನಲ್ಲೇ ಅಚ್ಚು ಹಾಕಿಸಿದವನು.

ಈ ದೊರೆಯನ್ನು ವಿಲಾಸಿಯೆಂದು ಹಳಿದವರು ಹಲವರು. ರಾಜ್ಯಾಪಹಾರಕ್ಕೆ ಆ ನಿಂದೆಯೇ ನೆಪವಾಯಿತು. ಅವನ ಆಡಳಿತದ ಗುಣದೋಷಗಳು ನಮ್ಮ ವಿಚಾರಕ್ಕೆ ಹೊರಗು. ರಾಜ್ಯವೂ ಸೈನ್ಯವೂ ಭೂಮಿಯೂ ಕೈಬಿಟ್ಟುಹೋದ ಒಂದು ಸಮುದಾಯವು ತನ್ನೊಡನೆ ಹೊತ್ತು ತಂದ ಸಂಪತ್ತಿನಲ್ಲಿ ಹೆಚ್ಚು ಕಾಲ ಬಾಳಿದುದು ಯಾವುದು ಎಂಬುದೊಂದೇ ಇಲ್ಲಿ ನಮಗೆ ಬೇಕಾದ ಪ್ರಶ್ನೆ. ಅವನ ಮರಣಾನಂತರ ಅರಮನೆಗಳು ಒಡೆದುಹೋದವು, ಪರಿವಾರವು ಚೆದರಿತು. ಐದು ವರ್ಷಗಳೊಳಗೆ ಖಿದಿರ್‌ಪುರದ ಡಾಕಿಗೆ ಹಡಗುಗಳು ಬರತೊಡಗಿದವು. 1864ರಲ್ಲಿ ಕಟ್ಟಿಸಿದ ಸಿಬ್ತೈನಾಬಾದ್ ಇಮಾಮಬಾಡಾದಲ್ಲಿ ಅವನ ಸಮಾಧಿಯುಂಟು. ಅರಮನೆಗಳ ವೈಭವ ಉಳಿದಿಲ್ಲ. ಉಳಿದುದು ಮುಖ್ಯವಾಗಿ ನಾದ.

3. ರಬಾಬಿನಿಂದ ಸರೋದಿಗೆ

ಮಟಿಯಾಬುರುಜಿಗೆ ಬಂದ ವಾದಕರಲ್ಲಿ ತಾನಸೇನನ ಪರಂಪರೆಗೆ ಸೇರಿದ ಬಾಸತ್ ಖಾನರು ಹಿರಿಯರು. ಅವರ ವಾದ್ಯ ರಬಾಬು. ಚರ್ಮವನ್ನು ಹೊದಿಸಿದ ಹೊಟ್ಟೆ, ಕರುಳಿನ ತಂತಿ, ಮರದ ಪಟ್ಟಿ ಇವು ಅದರ ಅಂಗಗಳು. ಮೀಟಿದ ಸ್ವರವು ಗಟ್ಟಿಯಾಗಿ ಹುಟ್ಟಿ ಬೇಗನೆ ಅಡಗುತ್ತದೆ. ಆದುದರಿಂದ ರಬಾಬಿನ ವಾದನವು ಲಯದ ಕಡೆಗೆ, ಬೋಲುಗಳ ನೇಯ್ಗೆಯ ಕಡೆಗೆ ಸಹಜವಾಗಿಯೇ ವಾಲಿತು. ಸ್ವರವನ್ನು ಎಳೆದು ನಿಲ್ಲಿಸುವ ಕೆಲಸ ಬೀನಿನ ಪಾಲಿಗೆ ಉಳಿಯಿತು. ಮಳೆಗಾಲದಲ್ಲಿ ಚರ್ಮವು ನೆನೆದು ಸಡಿಲಿದರೆ ರಬಾಬಿನ ನಾದವು ಇನ್ನೂ ಕುಗ್ಗುತ್ತಿತ್ತು. ಬಾಸತ್ ಖಾನರ ಅಣ್ಣ ಜಾಫರ್ ಖಾನರು ಇಂಥದೇ ಒಂದು ಮಳೆಗಾಲದಲ್ಲಿ ಬೀನಕಾರರ ಎದುರಿಗೆ ಸೋತು, ಚರ್ಮದ ಬದಲು ಮರದ ಹೊದಿಕೆಯನ್ನೂ ಮರದ ಪಟ್ಟಿಯ ಮೇಲೆ ಲೋಹದ ತಗಡನ್ನೂ ಹಾಕಿಸಿ ಸುರಶೃಂಗಾರವೆಂಬ ವಾದ್ಯವನ್ನು ಮಾಡಿಸಿದರೆಂದು ವಾದಕರ ಮನೆತನಗಳಲ್ಲಿ ಕಥೆಯಿದೆ. ಕಥೆಯ ವಿವರಗಳನ್ನು ಹೇಗಾದರೂ ಎಣಿಸೋಣ. ಅದು ಮುಂದಿಡುವ ಸಮಸ್ಯೆಯು ನಿಜವಾದುದು. ಸ್ವರವು ಬೇಗ ಸಾಯುತ್ತದೆ, ಅದನ್ನು ಬದುಕಿಸುವುದು ಹೇಗೆ?

ಬಾಸತ್ ಖಾನರಲ್ಲಿ ಮಟಿಯಾಬುರುಜಿನಲ್ಲಿ ಶಿಷ್ಯವೃತ್ತಿ ಮಾಡಿದವರು ಸರೋದಿ ನಿಯಾಮತುಲ್ಲಾ ಖಾನರು. ಅವರು ತಮ್ಮ ಸರೋದಿನ ಮರದ ಪಟ್ಟಿಯ ಮೇಲೆ ಲೋಹದ ತಗಡನ್ನು ಹೊದಿಸಿ, ಕರುಳನ್ನು ತೆಗೆದು ಲೋಹದ ತಂತಿಯನ್ನು ಬಿಗಿದರೆಂದು ಅವರ ಮನೆತನದ ಹೇಳಿಕೆ. ಅವರ ಮಕ್ಕಳಾದ ಕರಾಮತುಲ್ಲಾ ಖಾನ್ ಮತ್ತು ಕೌಕಬ್ ಖಾನರು ಪರಂಪರೆಯನ್ನು ಮುಂದುವರಿಸಿದರು. ಕರಾಮತುಲ್ಲಾ ಖಾನರು 1908ರಲ್ಲಿ ಸಂಗೀತದ ಮೇಲೆ ಒಂದು ಉರ್ದು ಗ್ರಂಥವನ್ನು ಪ್ರಕಟಿಸಿದರು. ಕೌಕಬ್ ಖಾನರು ಕಲಕತ್ತೆಯಲ್ಲಿ ಬೋಧಿಸಿ 1915ರಲ್ಲಿ ತೀರಿಕೊಂಡರು. ಈ ಮಾರ್ಪಾಟಿನ ಕೀರ್ತಿಯನ್ನು ಬೇರೆ ಸರೋದಿಯಾ ಮನೆತನಗಳು ತಮ್ಮ ಹಿರಿಯರಿಗೆ ಸಲ್ಲಿಸುವುದುಂಟು. ಕೀರ್ತಿ ಯಾರದೇ ಆಗಲಿ, ಫಲವು ಸ್ಪಷ್ಟವಾಗಿದೆ. ಉಕ್ಕಿನ ತಂತಿಯು ದೀರ್ಘಕಾಲ ನುಡಿಯುತ್ತದೆ. ನಯವಾದ ತಗಡಿನ ಮೇಲೆ ಉಗುರು ಜಾರುತ್ತದೆ. ಮೆಟ್ಟುಗಳಿಲ್ಲದ ಆ ಪಟ್ಟಿಯ ಮೇಲೆ ಗಾಂಧಾರಕ್ಕೆ ಗೊತ್ತಾದ ಗಡಿ ಇಲ್ಲ. ವಾದಕನು ಒಂದು ಸ್ವರದ ಮೇಲೆ ನಿಲ್ಲಬಹುದು, ಅದನ್ನು ಎಳೆದು ನೆರೆಯ ಸ್ವರದ ನೆರಳನ್ನು ಅದರ ಮೇಲೆ ಬೀಳಿಸಬಹುದು. ಲಯಪ್ರಧಾನವಾದ ವಾದ್ಯವು ಮೀಂಡಿನ ವಾದ್ಯವಾಯಿತು. ಅಲ್ಲಾವುದ್ದೀನ್ ಖಾನರಿಂದ ಮೊದಲ್ಗೊಂಡು ಇಪ್ಪತ್ತನೆಯ ಶತಮಾನದ ಸರೋದುವಾದನವೆಲ್ಲವೂ ಈ ತಗಡು ಮತ್ತು ತಂತಿಗಳ ಮೇಲೆ ನಿಂತಿದೆ.

ಹೂಗ್ಲಿಯ ದಂಡೆಯ ಜೌಗಿನ ಹವೆಯು ಲಖನೌದ ಹವೆಗಿಂತ ಚರ್ಮದ ವಾದ್ಯಗಳಿಗೆ ಹೆಚ್ಚು ಪ್ರತಿಕೂಲವಾದುದು. ಲೋಹದ ತಗಡು ಮತ್ತು ತಂತಿಗಳು ಹಡಗು ಬಂದು ತಂಗುವ ನಗರದಲ್ಲಿ ಸುಲಭವಾಗಿ ದೊರೆಯುವಂಥವು. ವಾದ್ಯದ ಮಾರ್ಪಾಟು ಇಲ್ಲಿ ನೆಲೆಗೊಂಡುದಕ್ಕೆ ಈ ಎರಡು ಸಂಗತಿಗಳೂ ನೆರವಾಗಿರಬೇಕೆಂದು ನಾವು ಊಹಿಸುತ್ತೇವೆ. ಊಹೆಯೆಂದೇ ಇದನ್ನು ವಾಚಕರು ಸ್ವೀಕರಿಸಬೇಕು.

4. ಹಾರ್ಮೋನಿಯಮ್ಮಿನ ಗಾಂಧಾರ

ಇದೇ ಕಾಲದಲ್ಲಿ, ಇದೇ ಕಲಕತ್ತೆಯಲ್ಲಿ, ಲೋಹವು ಸ್ವರಕ್ಕೆ ಇನ್ನೊಂದು ಗತಿಯನ್ನೂ ತಂದಿತು. 1875ರಲ್ಲಿ ದ್ವಾರಕಾನಾಥ ಘೋಷರು ದ್ವಾರ್ಕಿನ್ ಎಂಬ ವಾದ್ಯದ ಅಂಗಡಿಯನ್ನು ತೆರೆದರು. 1880ರ ದಶಕದಲ್ಲಿ ಯುರೋಪಿನ ಕಾಲು ತಿದಿಯ ಹಾರ್ಮೋನಿಯಮ್ಮನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದರು. ಹಿತ್ತಾಳೆಯ ನಾಲಗೆಗಳುಳ್ಳ ಈ ಪೆಟ್ಟಿಗೆಯು ಕೆಲವೇ ದಶಕಗಳಲ್ಲಿ ಭರತಖಂಡವನ್ನೆಲ್ಲ ವ್ಯಾಪಿಸಿತು. ನಮ್ಮ ಕಂಪನಿ ನಾಟಕಗಳು, ಭಜನೆಯ ಮನೆಗಳು, ಶಾಲೆಗಳು ಅದಿಲ್ಲದೆ ನಡೆಯುವುದು ಕಠಿನವೆಂಬ ಸ್ಥಿತಿ ಬಂದಿತು. ತಿದಿ ಒತ್ತುವಷ್ಟು ಹೊತ್ತೂ ಸ್ವರವು ನಿಲ್ಲುತ್ತದೆ. ಆ ಮಟ್ಟಿಗೆ ರಬಾಬಿನ ಸಮಸ್ಯೆ ಇಲ್ಲಿಲ್ಲ. ಆದರೆ ನಿಂತ ಸ್ವರವು ಚಲಿಸಲಾರದು. ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರಬೇಕೇ ಹೊರತು ಜಾರುವಂತಿಲ್ಲ.

ಇದರೊಡನೆ ಸ್ಥಾನದ ಪ್ರಶ್ನೆಯೂ ಸೇರಿತು. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಶ್ರುತಿಗೂಡಿಸಿದ ವಾದ್ಯದಲ್ಲಿ ಷಡ್ಜದ ಕಂಪನಸಂಖ್ಯೆ ಸೆಕೆಂಡಿಗೆ 240 ಆದರೆ ಶುದ್ಧ ಗಾಂಧಾರವು 302ಕ್ಕಿಂತ ತುಸು ಹೆಚ್ಚಾಗುತ್ತದೆ. ತಂಬೂರಿಯ ತಂತಿಯೊಳಗಿಂದ ತಾನಾಗಿ ಹುಟ್ಟುವ ಗಾಂಧಾರಕ್ಕೆ ಅನುಸಾರವಾಗಿ ಲೆಕ್ಕ ಹಾಕಿದರೆ ಅದು ಸರಿಯಾಗಿ 300. ಅಂತರವು ಒಂದು ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಮಾತ್ರ. ಓಡುವ ತಾನಿನಲ್ಲಿ ಇದು ಕಿವಿಗೆ ಬೀಳಲಾರದು. ಗಾಂಧಾರದ ಮೇಲೆ ನಿಂತರೆ ಮಾತ್ರ ಎರಡು ನಾದಗಳ ನಡುವಣ ತಿಕ್ಕಾಟವು ಅಲೆಯಲೆಯಾಗಿ ಕೇಳುತ್ತದೆ. ಆದುದರಿಂದ ಹಾರ್ಮೋನಿಯಮ್ಮಿನ ವಿವಾದವು ಮೂಲತಃ ನಿಲುಗಡೆಯ ವಿವಾದ. ಸ್ವರದ ಮೇಲೆ ನಿಲ್ಲಬಯಸದವನಿಗೆ ಅದರಿಂದ ತೊಂದರೆಯಿಲ್ಲ, ನಿಲ್ಲಬಯಸುವವನಿಗೆ ತೊಂದರೆಯುಂಟು.

ತಂಬೂರಿಯ ಈ ಗುಟ್ಟನ್ನು ವಿಜ್ಞಾನದ ರೀತಿಯಲ್ಲಿ ಪರೀಕ್ಷಿಸಿದುದೂ ಕಲಕತ್ತೆಯಲ್ಲಿಯೇ ಎಂಬುದು ಗಮನಾರ್ಹವಾಗಿದೆ. ಬೌಬಜಾರಿನ ಭಾರತೀಯ ವಿಜ್ಞಾನ ಸಂವರ್ಧನ ಸಂಘದಲ್ಲಿ ಕೆಲಸ ಮಾಡುತ್ತಿದ್ದ ಚಂದ್ರಶೇಖರ ವೆಂಕಟ ರಾಮನ್ನರು 1921ರಲ್ಲಿ ಭಾರತೀಯ ತಂತೀವಾದ್ಯಗಳ ಮೇಲೆ ಒಂದು ಲೇಖನವನ್ನು ಪ್ರಕಟಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರುವ ಉಪಸ್ವರಗಳು ನಾದದಲ್ಲಿ ಕೇಳಿಬರಬಾರದೆಂಬುದು ಯುರೋಪಿನ ಶಾಸ್ತ್ರಜ್ಞರ ನಿಯಮ. ತಂಬೂರಿಯಲ್ಲಿಯೂ ವೀಣೆಯಲ್ಲಿಯೂ ಅವು ಕೇಳಿಬರುತ್ತವೆಂದು ರಾಮನ್ನರು ತೋರಿಸಿ, ಅದಕ್ಕೆ ಕಾರಣವನ್ನು ಅಗಲವಾದ ಬಾಗಿದ ಕುದುರೆಯಲ್ಲಿ ಮತ್ತು ತಂಬೂರಿಗೆ ಕುದುರೆಯ ಮೇಲೆ ಸಿಕ್ಕಿಸುವ ನೂಲಿನ ಎಳೆಯಲ್ಲಿ ಕಂಡರು. ನಮ್ಮವರು ಆ ಎಳೆಯನ್ನು ಜೀವವೆಂದು ಕರೆಯುತ್ತ ಬಂದಿದ್ದಾರೆ. 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ರಾಮನ್ನರ ಈ ಕಲಕತ್ತೆಯ ಕೃತಿಯು ಶಾರ್ಙ್ಗದೇವನ ಅನುರಣನ ಶಬ್ದಕ್ಕೆ ಬರೆದ ಒಂದು ತಡವಾದ ವ್ಯಾಖ್ಯಾನದಂತೆ ತೋರುತ್ತದೆ.

ಹಾರ್ಮೋನಿಯಮ್ಮಿನ ವಿವಾದವು ಮುಂದೆ ಆಕಾಶವಾಣಿಯನ್ನು ಮುಟ್ಟಿತು. ರವೀಂದ್ರನಾಥ ಠಾಕೂರರು 1940ರ ಜನವರಿಯಲ್ಲಿ ಕಲಕತ್ತೆಯ ನಿಲಯಕ್ಕೆ ಪತ್ರ ಬರೆದು, ತಮ್ಮ ಆಶ್ರಮದಿಂದ ಆ ವಾದ್ಯವನ್ನು ದೂರವಿಟ್ಟಿರುವುದನ್ನು ತಿಳಿಸಿದರು. ಅದೇ ವರ್ಷದ ಮಾರ್ಚ್ 1ರಿಂದ ಅಖಿಲ ಭಾರತದ ನಿಲಯಗಳಲ್ಲಿ ಹಾರ್ಮೋನಿಯಮ್ಮಿಗೆ ಬಹಿಷ್ಕಾರ ಬಿದ್ದಿತು. ಮೂವತ್ತು ವರ್ಷ ದಾಟಿದ ಬಳಿಕ, 1971ರಲ್ಲಿ, ಕೆಲವು ಕಟ್ಟುಪಾಡುಗಳೊಡನೆ ಅದು ಸಡಿಲಿತು. ಈ ಆಜ್ಞೆಯಿಂದ ಬಡ ಹಾರ್ಮೋನಿಯಂ ವಾದಕರ ಹೊಟ್ಟೆಯ ಮೇಲೆ ಬಿದ್ದ ಪೆಟ್ಟನ್ನು ಮರೆಯಲಾಗದು. ಒಂದು ವಾದ್ಯವನ್ನು ನಿಷೇಧಿಸಿದ ಮಾತ್ರಕ್ಕೆ ಸ್ವರಕ್ಕೆ ಜೀವ ಬರುವುದೂ ಇಲ್ಲ. ಜೀವವು ಬಂದುದು ಬೇರೊಂದು ದಾರಿಯಿಂದ.

5. ಮಟಿಯಾಬುರುಜಿನ ನೆನಪು ಮೈಸೂರಿನಲ್ಲಿ

1883ರ ಸುಮಾರಿಗೆ ಮಲಕಾ ಜಾನ್ ಎಂಬ ಗಾಯಕಿಯು ಕಲಕತ್ತೆಗೆ ಬಂದು ವಾಜಿದ್ ಅಲಿ ಷಾನ ಆಸ್ಥಾನದಲ್ಲಿ ಮನ್ನಣೆ ಪಡೆದಳು. ಅವಳ ಮಗಳು ಗೌಹರ್ ಜಾನ್. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಮುದ್ರಿಸಿಕೊಂಡ ಮೊದಲ ಧ್ವನಿಗಳಲ್ಲಿ ಅವಳದೂ ಒಂದು. ಅಂದಿನ ತಟ್ಟೆಗೆ ಸುಮಾರು ಮೂರು ನಿಮಿಷಗಳ ಅವಧಿ. ಕೊಂಬಿನ ಮುಂದೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕು. ಸ್ವರದ ಮೇಲೆ ನಿಲ್ಲುವುದಕ್ಕೆ ಕಾಲವೂ ಇಲ್ಲ, ಮೆಲುದನಿಗೆ ಎಡೆಯೂ ಇಲ್ಲ. ಆಕೆಯ ತಟ್ಟೆಗಳಲ್ಲಿ ಚುರುಕಾದ ತಾನುಗಳು ತುಂಬಿರುವುದು ಇದರಿಂದ ಸಹಜವೇ ಆಗಿದೆ. ಯಂತ್ರವು ಕೇಳಿದುದನ್ನು ಆಕೆ ಕೊಟ್ಟಳು.

ಇಂಥ ಕೀರ್ತಿವಂತೆಯು ಕೊನೆಗಾಲದಲ್ಲಿ ಕಲಕತ್ತೆಯ ಸಿರಿಯನ್ನು ಕಳೆದುಕೊಂಡು, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಗಾಯಕಿಯಾಗಿ ಮೈಸೂರಿಗೆ ಬಂದಳು. 1930ರ ಜನವರಿ 17ರಂದು ಅಲ್ಲಿಯ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಲಖನೌದಿಂದ ಮಟಿಯಾಬುರುಜಿಗೆ, ಅಲ್ಲಿಂದ ಚಿತ್ಪುರದ ಬೀದಿಗೆ, ಅಲ್ಲಿಂದ ಮೈಸೂರಿಗೆ ಸಾಗಿದ ಈ ದಾರಿಯನ್ನು ನಮ್ಮ ಸಂಗೀತ ಚರಿತ್ರೆಗಳು ಬಹುಕಾಲ ಕಡೆಗಣಿಸಿದ್ದವು. ನಮ್ಮ ನಾಡಿನ ಮಣ್ಣಿನಲ್ಲಿ ಕಡೆಯುಸಿರನ್ನೆಳೆದ ಒಂದು ಹೊರನಾಡ ಕಂಠವನ್ನು ನಾವು ನೆನೆಯದಿದ್ದರೆ, ಹೊರನಾಡಿನಲ್ಲಿರುವ ನಮ್ಮನ್ನು ನೆನೆಯಿರೆಂದು ಇತರರನ್ನು ಕೇಳುವುದು ಹೇಗೆ?

6. ಕಿರಾನಾದ ಗಾಯಕರು, ಕನ್ನಡದ ಕಿವಿಗಳು

ದೆಹಲಿಯ ಸಮೀಪದ ಕೈರಾನಾ ಗ್ರಾಮದಲ್ಲಿ 1872ರಲ್ಲಿ ಹುಟ್ಟಿದ ಅಬ್ದುಲ್ ಕರೀಮ್ ಖಾನರೂ ಊರು ಬಿಟ್ಟವರೇ. ಬರೋಡೆ, ಮೀರಜ, ಪುಣೆಗಳಲ್ಲಿ ಬಾಳಿ, ಧಾರವಾಡ ಹುಬ್ಬಳ್ಳಿಗಳಲ್ಲಿ ಹಾಡಿ ಕಲಿಸಿ, ಮೈಸೂರಿನ ಆಸ್ಥಾನದಲ್ಲಿ ಸನ್ಮಾನಿತರಾಗಿ, 1937ರಲ್ಲಿ ಪುದುಚೇರಿಗೆ ಹೋಗುವ ದಾರಿಯ ಸಿಂಗಪೆರುಮಾಳ್ ಕೋಯಿಲ್ ರೈಲುನಿಲ್ದಾಣದಲ್ಲಿ ಪ್ರಾಣ ಬಿಟ್ಟರು. ಅವರ ಮನೆತನದ ಹಿನ್ನೆಲೆಯಲ್ಲಿ ಸಾರಂಗಿ ಮತ್ತು ಬೀನುಗಳಿದ್ದವು. ಬೀನಕಾರ ಬಂದೇ ಅಲಿ ಖಾನರನ್ನು ಕಿರಾನಾದವರು ತಮ್ಮ ಮೂಲಪುರುಷರಲ್ಲಿ ಎಣಿಸುತ್ತಾರೆ. ಬೀನಿನ ಮೀಂಡು ಕಂಠಕ್ಕೆ ಇಳಿದರೆ ಹೇಗಿದ್ದೀತೋ ಹಾಗೆ ಅವರ ಗಾಯನವಿತ್ತು. ಮಟಿಯಾಬುರುಜಿನ ಸರೋದು ಲೋಹದ ನೆರವಿನಿಂದ ಪಡೆದುದನ್ನು ಇವರು ಉಸಿರಿನಿಂದ ಪಡೆದರು. ಒಂದು ಸ್ವರವನ್ನು ಸಣ್ಣ ದನಿಯಲ್ಲಿ ಹಿಡಿದು, ತಂಬೂರಿಯ ಉಪಸ್ವರದೊಳಗೆ ಅದು ಕರಗಿಹೋಗುವವರೆಗೆ ನಿಲ್ಲಿಸಿ, ಬಳಿಕ ಮುಂದಿನ ಸ್ವರವನ್ನು ತೆರೆಯುವುದು ಅವರ ಕ್ರಮ. ಶ್ರುತಿಗಳ ಅಳತೆಯ ವಿಷಯದಲ್ಲಿ ಸಾಂಗಲಿಯ ದೇವಲರು ನಡೆಸಿದ ಪ್ರಯೋಗಗಳಿಗೆ ಕಂಠವನ್ನು ಕೊಟ್ಟವರೂ ಇವರೇ. ಕ್ಲೆಮೆಂಟ್ಸ್ ಎಂಬ ನ್ಯಾಯಾಧೀಶರು ಆ ಅಳತೆಗಳನ್ನು ಅನುಸರಿಸಿ ಶ್ರುತಿಯ ಹಾರ್ಮೋನಿಯಮ್ಮನ್ನು ಮಾಡಿಸಿದರು. 1916ರಲ್ಲಿ ಬರೋಡೆಯ ಪ್ರಥಮ ಅಖಿಲ ಭಾರತ ಸಂಗೀತ ಪರಿಷತ್ತಿನಲ್ಲಿ ಆ ವಾದ್ಯವು ಚರ್ಚೆಗೆ ಬಂದಿತು. ಅದು ಬಳಕೆಗೆ ನಿಲ್ಲಲಿಲ್ಲ.

ಖಾನರ ಶಿಷ್ಯರಲ್ಲಿ ಹುಬ್ಬಳ್ಳಿಗೆ ಸಮೀಪದ ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು (1886–1952), ಕನ್ನಡ ನಾಡಿನಲ್ಲಿ ಈ ಮಾರ್ಗವನ್ನು ನೆಲೆಗೊಳಿಸಿದರು. ಅವರ ಬಳಿಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಕಲಿತವರು ಗಂಗೂಬಾಯಿ ಹಾನಗಲ್ಲರು (1913–2009). ಸ್ವರಗಳನ್ನು ಲೋಭಿಯು ಹಣ ಖರ್ಚು ಮಾಡುವಂತೆ ಬಳಸಬೇಕೆಂದು ಗುರುಗಳು ತಮಗೆ ಕಲಿಸಿದರೆಂದು ಅವರು ಹೇಳುತ್ತಿದ್ದುದು ಪ್ರಸಿದ್ಧ. ಈ ಉಪಮೆಯಲ್ಲಿ ಕಿರಾನಾ ಮಾರ್ಗದ ತಿರುಳೆಲ್ಲ ಅಡಗಿದೆ. ಧಾರಾಳವಾಗಿ ಚೆಲ್ಲಿದ ಸ್ವರಕ್ಕೆ ಬೆಲೆಯಿಲ್ಲ. ತಡೆದು ಕೊಟ್ಟ ಸ್ವರಕ್ಕಾಗಿ ಸಭೆ ಕಾಯುತ್ತದೆ. ಒಂಟಿ ಸ್ವರದ ಶಕ್ತಿಯು ಅದರ ಹಿಂದಿನ ನಿರೀಕ್ಷೆಯಲ್ಲಿದೆ, ಅದರ ಸುತ್ತಲಿನ ಮೌನದಲ್ಲಿದೆ. ಶಸ್ತ್ರಚಿಕಿತ್ಸೆಯ ಬಳಿಕ ದಪ್ಪವಾದ ತಮ್ಮ ದನಿಯನ್ನು ಅವರು ಕೊರತೆಯೆಂದು ಮರೆಮಾಚದೆ, ಆ ಗಡಸಿನಲ್ಲಿಯೇ ಮಂದ್ರದ ಸ್ವರಗಳನ್ನು ಕಲ್ಲಿನ ಕಂಬಗಳಂತೆ ನಿಲ್ಲಿಸಿದರು.

ಈ ಮಾರ್ಗವು ಧಾರವಾಡದ ಸೀಮೆಯಲ್ಲಿ ಏಕೆ ಬೇರೂರಿತೆಂಬ ಪ್ರಶ್ನೆಗೆ ಸಾಮಾನ್ಯವಾಗಿ ಹವೆ ನೀರುಗಳ ಉತ್ತರವನ್ನು ಕೊಡುವುದುಂಟು. ಅದು ಉತ್ತರವಾಗಲಾರದು. ಮೈಸೂರಿಗೂ ಪುಣೆಗೂ ನಡುವಣ ದಾರಿಯಲ್ಲಿ ನಿಂತ ಈ ಸೀಮೆಯ ಕಿವಿಗಳಿಗೆ ಎರಡೂ ಪದ್ಧತಿಗಳ ಪರಿಚಯವಿತ್ತು. ಕರ್ಣಾಟಕ ಪದ್ಧತಿಯ ಗಮಕವು ಸ್ವರವನ್ನು ಅಲುಗಿಸಿ ಅದರ ಅರ್ಥವನ್ನು ಹೇಳುತ್ತದೆ. ತೋಡಿಯ ಗಾಂಧಾರವನ್ನು ಅಲುಗಿಸದೆ ಹಿಡಿದರೆ ಅದು ತೋಡಿಯೆನಿಸದು. ಕಿರಾನಾದವರು ಸ್ವರವನ್ನು ನಿಲ್ಲಿಸಿ ಅರ್ಥ ಹೇಳಿದರು. ಸ್ವರಕ್ಕೆ ಸ್ವತಂತ್ರವಾದ ವ್ಯಕ್ತಿತ್ವವುಂಟೆಂಬುದನ್ನು ಎರಡು ಪದ್ಧತಿಗಳೂ ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಿದ್ದವು. ಅಬ್ದುಲ್ ಕರೀಮ್ ಖಾನರೇ ದಕ್ಷಿಣದ ಸರಗಮಿನ ರೀತಿಯನ್ನು ತಮ್ಮ ಗಾಯನಕ್ಕೆ ತಂದುಕೊಂಡರು, ತ್ಯಾಗರಾಜರ ಕೃತಿಯನ್ನೂ ತಟ್ಟೆಗೆ ಹಾಡಿದರು. ಇದಲ್ಲದೆ ದಾಸರ ತಂಬೂರಿಯೂ ಮಠಗಳ ಏಕನಾದವೂ ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಜನರನ್ನು ಒಂದು ಶ್ರುತಿಯ ಮುಂದೆ ತಾಳ್ಮೆಯಿಂದ ಕುಳ್ಳಿರಿಸಿದ್ದವು. ಕೇಳುವ ತಾಳ್ಮೆಯಿಲ್ಲದ ಸಭೆಯಲ್ಲಿ ನಿಲ್ಲುವ ಸ್ವರಕ್ಕೆ ಉಳಿವಿಲ್ಲ.

ಯಂತ್ರವೂ ಈ ಹೊತ್ತಿಗೆ ಬದಲಾಗಿತ್ತು. 1925ರ ಬಳಿಕ ಬಂದ ವಿದ್ಯುತ್ ಮುದ್ರಣದಲ್ಲಿ ಕೊಂಬಿನ ಬದಲು ಧ್ವನಿಗ್ರಾಹಕವಿತ್ತು. ಪಿಸುದನಿಯೂ ಅದಕ್ಕೆ ಕೇಳಿಸಿತು. ಅವಧಿಯು ಅದೇ ಮೂರು ನಿಮಿಷಗಳಾದರೂ, ಖಾನರು ಆ ಅವಧಿಯಲ್ಲಿ ಸ್ವರದ ಮೇಲೆ ನಿಲ್ಲುವುದು ಸಾಧ್ಯವೆಂದು ತೋರಿಸಿದರು. ಝಿಂಝೋಟಿ ರಾಗದಲ್ಲಿ ಅವರು ಹಾಡಿದ ಠುಮ್ರಿಯ ತಟ್ಟೆಯನ್ನು ಬಾಲಕ ಭೀಮಸೇನ ಜೋಶಿಯು ಗದಗಿನ ಅಂಗಡಿಯೊಂದರಲ್ಲಿ ಕೇಳಿ, ಹೀಗೆ ಹಾಡಬೇಕೆಂದು ಮನೆ ಬಿಟ್ಟ ಸಂಗತಿಯನ್ನು ಎಲ್ಲರೂ ಬಲ್ಲರು. ಲಖನೌ ಮತ್ತು ಮಟಿಯಾಬುರುಜುಗಳಲ್ಲಿ ನೃತ್ಯದ ಜೊತೆಗೆ ಚುರುಕಾಗಿ ಸಾಗುತ್ತಿದ್ದ ಠುಮ್ರಿಯು, ಬನಾರಸಿನವರ ಕೈಯಲ್ಲಿ ನಿಧಾನಗೊಂಡು, ಕೈರಾನಾದವರ ಕಂಠದಲ್ಲಿ ಒಂದೊಂದು ಸ್ವರದ ಮೊರೆಯಾಗಿ, ಗದಗಿನ ಬೀದಿಯನ್ನು ಸೇರಿತ್ತು.

7. ಉಪಸಂಹಾರ

ಗುರುವನ್ನರಸಿ ಅಲೆದ ಆ ಬಾಲಕನು ಕಲಕತ್ತೆಗೂ ಬಂದು ನಟ ಪಹಾಡಿ ಸನ್ಯಾಲರ ಮನೆಯಲ್ಲಿ ಆಳಾಗಿದ್ದನು. ವರ್ಷಗಳು ಕಳೆದ ಮೇಲೆ ಅದೇ ನಗರದ ಸಮ್ಮೇಳನಗಳಲ್ಲಿ ಅವರ ಹಾಡಿಗೆ ಜನ ರಾತ್ರಿಯಿಡೀ ಕುಳಿತರು. ಅಖಿಲ ಬಂಗಾಳ ಸಂಗೀತ ಸಮ್ಮೇಳನಕ್ಕೆ ಗಂಗೂಬಾಯಿಯವರು ಬಂದಾಗ, ಅವರ ಕೃಶವಾದ ಮೈಕಟ್ಟನ್ನು ನೋಡಿ ವ್ಯವಸ್ಥಾಪಕರು ಸಂಶಯಪಟ್ಟು ಮುಂಚಿತವಾಗಿ ಹಾಡಿಸಿ ನೋಡಿದರೆಂದೂ, ಹಾಡಿದ ಮೇಲೆ ಆ ಸಂಶಯ ಉಳಿಯಲಿಲ್ಲವೆಂದೂ ಅವರ ಜೀವನವೃತ್ತಾಂತದಿಂದ ತಿಳಿಯುತ್ತದೆ. ಸ್ವರದ ಋಣವು ಹೀಗೆ ಎರಡೂ ಕಡೆಗೆ ಸಂದಿದೆ.

ಈ ವಿಚಾರದಿಂದ ಹೊರಡುವ ತೀರ್ಮಾನಗಳು ಮೂರು. ಮೊದಲನೆಯದಾಗಿ, ಒಂಟಿ ಸ್ವರದ ಭಾವಶಕ್ತಿಯು ಶಾಸ್ತ್ರದಲ್ಲಿ ಹಳೆಯದಾದರೂ ಪ್ರಯೋಗದಲ್ಲಿ ಮತ್ತೆ ಮತ್ತೆ ಗಳಿಸಬೇಕಾದುದು; ತಗಡು, ತಂತಿ, ತಿದಿ, ಧ್ವನಿಗ್ರಾಹಕಗಳು ಅದನ್ನು ಹಿಗ್ಗಿಸಿವೆ, ಕುಗ್ಗಿಸಿಯೂ ಇವೆ. ಎರಡನೆಯದಾಗಿ, ವಾದ್ಯವೊಂದೇ ವಿಧಿಯಲ್ಲ. ಕಿರಾನಾದ ಗಾಯಕರಲ್ಲಿ ಹಲವರು ಹಾರ್ಮೋನಿಯಮ್ಮನ್ನು ಪಕ್ಕದಲ್ಲಿಟ್ಟುಕೊಂಡೇ ಹಾಡಿದರು. ಅದರ ಗಾಂಧಾರವನ್ನು ಬಿಟ್ಟು ತಂಬೂರಿಯ ಗಾಂಧಾರವನ್ನು ಹಿಡಿಯುವುದು ಕಿವಿಯ ಕೆಲಸವಾಗಿತ್ತು. ಮೂರನೆಯದಾಗಿ, ಈ ಚರಿತ್ರೆಯ ಮುಖ್ಯ ಪಾತ್ರಧಾರಿಗಳಲ್ಲಿ ತಾವು ಹುಟ್ಟಿದ ಊರಿನಲ್ಲಿ ಉಳಿದವರು ವಿರಳ. ನಿಯಾಮತುಲ್ಲಾ ಖಾನರು, ಗೌಹರ್ ಜಾನ್, ಅಬ್ದುಲ್ ಕರೀಮ್ ಖಾನರು ಎಲ್ಲರೂ ಪರಸ್ಥಳದಲ್ಲಿ ಕೆಲಸ ಮಾಡಿದವರು. ಅವರನ್ನು ಇಂಥ ನಾಡಿನವರೆಂದು ಹಂಚಿಕೊಳ್ಳಹೊರಟರೆ ಚರಿತ್ರೆಯು ಚೂರಾಗುತ್ತದೆ. ಧಾರವಾಡದ ಗಾಯನವನ್ನು ಕೇವಲ ನಮ್ಮ ಮಣ್ಣಿನ ಬೆಳೆಯೆಂದು ಹಾಡಿ ಹೊಗಳುವವರು, ಆ ಬೀಜವನ್ನು ತಂದ ಮುಸಲ್ಮಾನ ಉಸ್ತಾದರನ್ನೂ, ಅದನ್ನು ಉಳಿಸಿದ ಸ್ತ್ರೀಯರನ್ನೂ ಮೊದಲು ನೆನೆಯಬೇಕು.

ಕಲಕತ್ತೆಯ ಕನ್ನಡಿಗರಿಗೆ ಇದರಲ್ಲಿ ಒಂದು ಕರ್ತವ್ಯವೂ ಉಂಟು. ನಮ್ಮ ಗಾಯಕರು ಈ ನಗರದಲ್ಲಿ ಹಾಡಿದ ಸಭೆಗಳ ಕಾರ್ಯಕ್ರಮಪತ್ರಗಳು, ಪತ್ರಿಕೆಗಳ ವಿಮರ್ಶೆಗಳು, ಮನೆಗಳಲ್ಲಿ ಉಳಿದ ತಟ್ಟೆಗಳು ಮತ್ತು ಧ್ವನಿಸುರುಳಿಗಳು ಎಷ್ಟೋ ಇದ್ದಾವು. ಯಾದವಪುರ ವಿಶ್ವವಿದ್ಯಾಲಯದಲ್ಲಿ ಹಿಂದೂಸ್ತಾನಿ ಸಂಗೀತದ ಧ್ವನಿಸಂಗ್ರಹವೊಂದು ಇದೆ. ಕನ್ನಡ ಗಾಯಕರ ಕಲಕತ್ತೆಯ ಹಾಡುಗಾರಿಕೆಯನ್ನು ಊರು ವರ್ಷಗಳೊಡನೆ ಪಟ್ಟಿ ಮಾಡುವ ಕೆಲಸವನ್ನು ಅಲ್ಲಿಂದ ಆರಂಭಿಸಬಹುದು. ಮಟಿಯಾಬುರುಜಿನ ಅರಮನೆಗಳನ್ನು ಮತ್ತೆ ಕಟ್ಟುವುದು ಯಾರಿಗೂ ಸಾಧ್ಯವಿಲ್ಲ. ಕೇಳಿದವರು ಇನ್ನೂ ಇರುವಾಗಲೇ ಕೇಳಿದುದನ್ನು ಬರೆದಿಡುವುದು ನಮ್ಮ ಕೈಯಲ್ಲಿರುವ ಕೆಲಸ.